ಪೆಟ್ಟಿಗೆ ನಮ್ಮದು, ಬೀಗ ಯಾರದು?

ನಮ್ಮ ಸಂಘದ ಕಚೇರಿಯ ಎರಡು ಗಣಕಯಂತ್ರಗಳನ್ನು ಗುಜರಿಗೆ ಹಾಕಬೇಕೆಂಬ ಮಾತು ಕಾರ್ಯಕಾರಿ ಸಮಿತಿಯ ಕಳೆದ ಸಭೆಯಲ್ಲಿ ಬಂದಿತ್ತು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬಯಸುವ ಭದ್ರತಾ ಚಿಪ್ಪು ನಮ್ಮ ಹಳೆಯ ಯಂತ್ರಗಳಲ್ಲಿಲ್ಲ. ಹೊಸತನ್ನು ಕೊಳ್ಳೋಣವೆಂದರೆ ನಾಡಹಬ್ಬದ ಬಾಕಿಯೇ ಇನ್ನೂ ತೀರಿಲ್ಲ. ಆಗ ಲಿನಕ್ಸಿನ ಹೆಸರು ಕೇಳಿಬಂತು. "ಪುಕ್ಕಟೆ ಸಿಗುವುದಕ್ಕೆ ಬೆಲೆಯೆಲ್ಲಿಯದು?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಪ್ರಶ್ನೆ ಸಾಧುವಾದದ್ದೇ.

ಆದರೆ ನನ್ನ ಮನಸ್ಸನ್ನು ತಿರುಗಿಸಿದ್ದು ಹಣದ ಲೆಕ್ಕವಲ್ಲ. ಸಂಕಲನವೊಂದಕ್ಕಾಗಿ ಈ ಪತ್ರಿಕೆಯ ತೊಂಬತ್ತರ ದಶಕದ ಕಡತಗಳನ್ನು ತೆರೆದಾಗ ಕಂಡದ್ದು ಕನ್ನಡವಲ್ಲ, ರೋಮನ್ ಅಕ್ಷರಗಳ ಕಲಸುಮೇಲೋಗರ. ಅಂದಿನ ಲಿಪಿ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಒಬ್ಬೊಬ್ಬರದು ಒಂದೊಂದು ಕ್ರಮ. ತಂತ್ರಾಂಶ ಮರೆಯಾಯಿತು, ಅದರೊಡನೆ ನಮ್ಮ ಬರಹವೂ. 1991ರಲ್ಲಿ ಹೊರಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತೆಂಬುದನ್ನು ನೆನೆದರೆ ವಿಷಾದ ಇಮ್ಮಡಿಸುತ್ತದೆ.

ಅದೇ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು ಲೋಕಕ್ಕೆ ಬಿಟ್ಟರು. ಅದಕ್ಕೂ ಮೊದಲು, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಸಾರಿದ್ದರು. ಅವರು ಹೇಳುವ 'ಸ್ವತಂತ್ರ' ತಂತ್ರಾಂಶವೆಂದರೆ ಪುಕ್ಕಟೆಯದೆಂದಲ್ಲ. ಬಳಸುವ, ಒಳಗನ್ನು ಅಭ್ಯಸಿಸುವ, ತಿದ್ದುವ, ಹಂಚುವ ಹಕ್ಕುಳ್ಳದ್ದು. ಒಬ್ಬರು ಕೈಬಿಟ್ಟರೂ ಇನ್ನೊಬ್ಬರು ಮುಂದುವರಿಸಬಹುದು. ನಮ್ಮ ಹಿರಿಯರಿಗೆ ನಾನು ಕೊಟ್ಟ ಉತ್ತರ ಇಷ್ಟೇ.

ಡೆಬಿಯನ್, ಉಬುಂಟು, ಸಿ-ಡ್ಯಾಕ್ ಸಂಸ್ಥೆಯ ಬಾಸ್ ಎಂದು ಹೆಸರುಗಳಿಗೇನೂ ಬರವಿಲ್ಲ. ನಾವು ಆರಿಸಿಕೊಂಡದ್ದು ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2 ಜಿಬಿ ರ್‍ಯಾಮ್ ಇದ್ದರೂ ನಡೆಯುತ್ತದೆ, 4 ಇದ್ದರೆ ಸುಖ. ವಿಂಡೋಸಿಗೆ ಪಳಗಿದ ಕೈಗೆ ಅಷ್ಟೇನೂ ಅಪರಿಚಿತವಲ್ಲ. ಭಾನುವಾರದ ಮೆಗಾ ಬ್ಲಾಕನ್ನು ದಾಟಿಕೊಂಡು ಡೊಂಬಿವಲಿಯಿಂದ ಬಂದ ತರುಣ ಸದಸ್ಯನೊಬ್ಬ ಮೊದಲು ನಮ್ಮ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲಿಸಿದ. ಇದನ್ನು ಮರೆತವರು ಅಳಬೇಕಾಗುತ್ತದೆ, ಸ್ಥಾಪನೆಯ ವೇಳೆ ಹಳೆಯದೆಲ್ಲ ಅಳಿಸಿಹೋಗಬಹುದು. ಬಳಿಕ ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಚಾಲೂ ಮಾಡಿ, ಏನನ್ನೂ ಸ್ಥಾಪಿಸದೆ, ಮುದ್ರಣಯಂತ್ರ, ಅಂತರಜಾಲ, ಧ್ವನಿ ಎಲ್ಲವನ್ನೂ ಪರೀಕ್ಷಿಸಿ ತೋರಿಸಿದ. ಚಹಾ ಎರಡನೆಯ ಸುತ್ತು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ಕೀಲಿಮಣೆಯ ಪಟ್ಟಿಯಲ್ಲಿ 'ಕಗಪ' ಎಂಬ ಹೆಸರು ಕಂಡಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಕನ್ನಡ ಗಣಕ ಪರಿಷತ್ತಿನ ಸಂಕ್ಷಿಪ್ತ ರೂಪವದು. ಆ ವಿನ್ಯಾಸದ ಬೇರು ಇರುವುದು ಇದೇ ಮುಂಬಯಿಯಲ್ಲಿ ದುಡಿದ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಚಿಂತನೆಯಲ್ಲಿ. ನಮ್ಮವರ ಶ್ರಮ ಜಗತ್ತನ್ನು ಸುತ್ತಿ ನಮ್ಮ ಮೇಜಿಗೇ ಮರಳಿತ್ತು!

ತೊಡಕುಗಳಿಲ್ಲವೆಂದಲ್ಲ. ಖಜಾಂಚಿಯವರ ಟ್ಯಾಲಿ ಇಲ್ಲಿ ನೇರವಾಗಿ ನಡೆಯದು. ಅದಕ್ಕಾಗಿ ಒಂದು ಯಂತ್ರವನ್ನು ಅಂತರಜಾಲದ ಸಂಪರ್ಕ ಕಳಚಿ ಹಳೆಯ ಸ್ಥಿತಿಯಲ್ಲಿಯೇ ಉಳಿಸಿದ್ದೇವೆ. ಪೇಜ್‌ಮೇಕರಿಗೆ ಒಗ್ಗಿದವರು ಪುಟವಿನ್ಯಾಸವನ್ನು ಸ್ಕ್ರೈಬಸ್‌ನಲ್ಲಿ ಹೊಸದಾಗಿ ಕಲಿಯಬೇಕು. ಕಲಿಯುವವರಿಗೆ ಪವಾಯಿಯ ಐಐಟಿಯವರ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯಲ್ಲಿ ಕನ್ನಡ ಧ್ವನಿಯ ಪಾಠಗಳೇ ಉಂಟು.

ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವ ಕೆಲಸ ಈಗ ಆರಂಭವಾಗಿದೆ. ಅರ್ಕಾವತ್ತು ಸ್ಥಳ ಬದಲಿಸುತ್ತದೆ, ಒತ್ತಕ್ಷರಗಳು ಮಾಯವಾಗುತ್ತವೆ. ಸಾಲುಸಾಲನ್ನೂ ಅಚ್ಚಾದ ಪ್ರತಿಯೊಡನೆ ಹೋಲಿಸಿ ತಿದ್ದಬೇಕಾಗಿದೆ. ಸಂಘದ ಕಪಾಟಿನಲ್ಲಿ ಕೆಲವು ಸಂಚಿಕೆಗಳಿಲ್ಲ. ಓದುಗ ಬಂಧುಗಳು ತಮ್ಮ ಅಟ್ಟದ ಮೇಲಿರುವ ಹಳೆಯ ಪ್ರತಿಗಳನ್ನು ರದ್ದಿಗೆ ಹಾಕುವ ಮುನ್ನ ನಮಗೊಮ್ಮೆ ತಿಳಿಸಬೇಕಾಗಿ ವಿನಂತಿ. ಕರಡು ತಿದ್ದಲು ಭಾನುವಾರ ಬರುವವರಿಗೂ ಸ್ವಾಗತವಿದೆ.

— ಸಂಪಾದಕ