ಅವಳ ಸಹಿಯನ್ನು ನಮಗೆ ತೋರಿಸಬೇಡಿ

ವಿಮೆಯ ಹೆಸರಿನಲ್ಲಿ ಮೋಸ ಹೋದವರನ್ನು ಎದುರಿಗೆ ಕೂರಿಸಿಕೊಂಡು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಓದದೆ ಯಾಕೆ ಸಹಿ ಹಾಕಿದಿರಿ?" ಕೇಳುವವರ ಮೇಲೆಯೇ ನನ್ನ ಸಿಟ್ಟು. ಓದಲು ಕೊಟ್ಟವರು ಯಾರು? ಯಾವ ಭಾಷೆಯಲ್ಲಿ ಕೊಟ್ಟರು? ಎಷ್ಟು ಹೊತ್ತು ಕೊಟ್ಟರು?

ಗಂಡ ಸತ್ತ ಮೇಲೆ ಬಂದ ಹಣವನ್ನೋ ಹೊಲ ಮಾರಿದ ದುಡ್ಡನ್ನೋ ಎಫ್‌ಡಿ ಇಡಲು ಒಬ್ಬ ತಾಯಿ ಬ್ಯಾಂಕಿಗೆ ಹೋಗುತ್ತಾಳೆ. "ಅಮ್ಮಾ, ಇದೂ ಎಫ್‌ಡಿ ಥರಾನೇ, ಬಡ್ಡಿ ಜಾಸ್ತಿ ಬರುತ್ತೆ, ಇಲ್ಲೊಂದು ಸೈನ್ ಹಾಕಿ." ಇಂಗ್ಲಿಷ್ ಅರ್ಜಿಯ ಮೇಲೆ ಸಹಿ ಹಾಕಬೇಕಾದ ಕಡೆಯೆಲ್ಲ ಮೊದಲೇ ಪೆನ್ಸಿಲ್ ಗುರುತು. ಅವಳ ಫೋನಿಗೆ ಬಂದ ಒಟಿಪಿಯನ್ನೂ ಬ್ಯಾಂಕಿನವರೇ ನೋಡಿ ಒತ್ತಿಕೊಳ್ಳುತ್ತಾರೆ. "ಕಂಪನಿಯಿಂದ ಫೋನ್ ಬರುತ್ತೆ, ಎಲ್ಲಕ್ಕೂ ಹೌದು ಅನ್ನಿ" ಎಂದು ಹೇಳಿ ಕಳಿಸುತ್ತಾರೆ. ಮರುವರ್ಷ ಅಷ್ಟೇ ಮೊತ್ತ ಮತ್ತೆ ಕಟ್ಟಿ ಎಂಬ ಸಂದೇಶ ಬಂದಾಗಲೇ ಆಕೆಗೆ ಗೊತ್ತಾಗುವುದು, ತಾನು ಇಟ್ಟದ್ದು ಠೇವಣಿಯಲ್ಲ, ವರ್ಷ ವರ್ಷ ಕಂತು ಕಟ್ಟಬೇಕಾದ ಪಾಲಿಸಿ ಎಂದು. ಅದು ಮಾರುಕಟ್ಟೆಗೆ ಜೋಡಿಸಿದ ಯುಲಿಪ್ ಪಾಲಿಸಿ ಆಗಿದ್ದರೆ ಐದು ವರ್ಷ ಆ ಹಣ ಕೈಗೆ ಸಿಗುವುದಿಲ್ಲ.

ದೂರು ಕೊಟ್ಟರೆ ಕಂಪನಿ ಒಂದು ಹಾಳೆ ತೆಗೆದು ತೋರಿಸುತ್ತದೆ. ಇಂಗ್ಲಿಷ್ ಬಾರದವರು ಕನ್ನಡದಲ್ಲಿ ಸಹಿ ಹಾಕಿದಾಗ, ಹೆಬ್ಬೆಟ್ಟು ಒತ್ತಿದಾಗ, "ಇದರಲ್ಲಿರುವುದನ್ನೆಲ್ಲ ನನ್ನ ಭಾಷೆಯಲ್ಲಿ ವಿವರಿಸಿದ್ದಾರೆ, ನನಗೆ ಅರ್ಥವಾಗಿದೆ" ಎಂಬ ಘೋಷಣೆ ಅರ್ಜಿಯ ಜೊತೆಗೇ ಇರುತ್ತದೆ. ಬಡವರ ರಕ್ಷಣೆಗೆಂದು ತಂದ ಹಾಳೆ ಅದು. ಅದೇ ಅವರ ವಿರುದ್ಧ ಸಾಕ್ಷಿಯಾಗುತ್ತದೆ.

ಮೇಜಿನ ಆ ಕಡೆ ಕೂತ ಹುಡುಗನೊಬ್ಬನೇ ಅಪರಾಧಿ ಎಂದು ನಾನು ಹೇಳುವುದಿಲ್ಲ. ಅವನ ತಲೆಯ ಮೇಲೆ ತಿಂಗಳ ಟಾರ್ಗೆಟ್ ಇದೆ. ಮೊದಲ ವರ್ಷದ ಪ್ರೀಮಿಯಂನಲ್ಲಿ ದೊಡ್ಡ ಪಾಲು ಕಮಿಷನ್ ಆಗಿ ಬ್ಯಾಂಕಿಗೆ ಹೋಗುತ್ತದೆ. ಹಾಗಾಗಿಯೇ ಸಾಲ ಕೇಳಿ ಬಂದ ರೈತನಿಗೂ "ಪಾಲಿಸಿ ಮಾಡಿಸಿದ್ರೆ ಬೇಗ ಆಗುತ್ತೆ" ಎಂಬ ಮಾತು. ಸಾಲಕ್ಕೆ ಈ ಪಾಲಿಸಿಯನ್ನು ಕಡ್ಡಾಯ ಮಾಡುವ ಅಧಿಕಾರ ಯಾವ ಮ್ಯಾನೇಜರಿಗೂ ಇಲ್ಲ. ಬೆಳೆ ವಿಮೆ ಕೂಡ 2020ರ ಮುಂಗಾರಿನಿಂದ ಸಾಲಗಾರ ರೈತರಿಗೆ ಐಚ್ಛಿಕ. ಇದನ್ನು ಬ್ಯಾಂಕಿನ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಲು ಇವರಿಗೆ ಏನು ಕಷ್ಟ?

ಇನ್ನು ಫೋನಿನ ಕಳ್ಳರು. "ಐಆರ್‌ಡಿಎಯಿಂದ ಮಾತಾಡ್ತಿದ್ದೇವೆ, ನಿಮ್ಮ ಪಾಲಿಸಿಗೆ ಬೋನಸ್ ಬಂದಿದೆ, ಬಿಡಿಸಿಕೊಳ್ಳಲು ಇಷ್ಟು ಕಟ್ಟಿ." ಐಆರ್‌ಡಿಎ ಎಂದರೆ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಪ್ರಾಧಿಕಾರ; ಅದು ವಿಮೆ ಮಾರುವುದಿಲ್ಲ, ಬೋನಸ್ ಹಂಚುವುದಿಲ್ಲ, ಯಾರಿಗೂ ಹೀಗೆ ಫೋನ್ ಮಾಡುವುದಿಲ್ಲ. ಆದರೆ ಕಳ್ಳನ ಬಾಯಲ್ಲಿ ನಿಮ್ಮ ಪಾಲಿಸಿ ನಂಬರ್, ಕಂತಿನ ತಾರೀಖು ಹೇಗೆ ಬಂತು? 2024ರಲ್ಲಿ ಸ್ಟಾರ್ ಹೆಲ್ತ್ ಎಂಬ ವಿಮಾ ಕಂಪನಿಯ ಗ್ರಾಹಕರ ಖಾಸಗಿ ವಿವರಗಳು ಟೆಲಿಗ್ರಾಂನಲ್ಲಿ ಸಿಗತೊಡಗಿದವು. ಅವು ಜನ ಕಳೆದುಕೊಂಡ ವಿವರಗಳಲ್ಲ. ಎಚ್ಚರ ತಪ್ಪಿದವರು ಯಾರು?

ತಪ್ಪನ್ನು ಪಾಲಿಸಿದಾರರ ತಲೆಗೆ ಕಟ್ಟದ ಕಾಲವೂ ಇತ್ತು. 1955ರಲ್ಲಿ ಸಂಸದ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಎದ್ದು ನಿಂತು, ರಾಮಕೃಷ್ಣ ದಾಲ್ಮಿಯಾ ಎಂಬ ಉದ್ಯಮಿ ತನ್ನ ಹಿಡಿತದ ವಿಮಾ ಕಂಪನಿಯ ದುಡ್ಡನ್ನು, ಅಂದರೆ ಪಾಲಿಸಿದಾರರ ದುಡ್ಡನ್ನು, ಹೇಗೆ ಬಳಸಿಕೊಂಡ ಎಂದು ಬಯಲು ಮಾಡಿದರು. ದಾಲ್ಮಿಯಾ ಜೈಲಿಗೆ ಹೋದ. 1956ರಲ್ಲಿ ಜೀವ ವಿಮೆಯ 245 ಕಂಪನಿ, ಸೊಸೈಟಿಗಳು ರಾಷ್ಟ್ರೀಕರಣವಾಗಿ ಎಲ್‌ಐಸಿ ಹುಟ್ಟಿತು. ಆಗ ಸರ್ಕಾರ ಪಾಲಿಸಿದಾರರಿಗೆ ಜಾಗೃತಿ ಸಂದೇಶ ಕಳಿಸಿ ಕೈತೊಳೆದುಕೊಳ್ಳಲಿಲ್ಲ. ಮಾಲೀಕರ ಕೈಯಿಂದ ವ್ಯವಹಾರವನ್ನೇ ಕಿತ್ತುಕೊಂಡಿತು. 2000ದಲ್ಲಿ ಖಾಸಗಿಯವರಿಗೆ ಮತ್ತೆ ಬಾಗಿಲು ತೆರೆದವರು ಈ ಚರಿತ್ರೆಯನ್ನು ಮರೆತೇಬಿಟ್ಟರು.

ಕಾನೂನಿನಲ್ಲಿ ಇರುವಷ್ಟನ್ನಾದರೂ ನಮ್ಮವರು ಕೈಗೆತ್ತಿಕೊಳ್ಳಲಿ. ಪಾಲಿಸಿ ಪತ್ರ ಕೈಸೇರಿದ 30 ದಿನದೊಳಗೆ "ನನಗೆ ಇದು ಬೇಡ" ಎಂದು ಬರೆದುಕೊಟ್ಟರೆ ಸಣ್ಣಪುಟ್ಟ ಖರ್ಚು ಕಳೆದು ಹಣ ಹಿಂತಿರುಗಿಸಲೇಬೇಕು. ಖಾಲಿ ಅರ್ಜಿಗೆ ಸಹಿ ಬೇಡ, ಒಟಿಪಿ ಯಾರ ಕೈಗೂ ಬೇಡ. "ಎಷ್ಟು ವರ್ಷ ಕಟ್ಟಬೇಕು, ನಡುವೆ ಬಿಟ್ಟರೆ ಎಷ್ಟು ಸಿಗುತ್ತದೆ" ಎಂಬುದನ್ನು ಪಾಲಿಸಿ ಮಾರುವವರ ಕೈಯಲ್ಲೇ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಎದ್ದು ಬನ್ನಿ. ಕಂಪನಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ತಿಂಗಳಾದರೂ ಉತ್ತರವಿಲ್ಲದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಪರಿಹಾರಕ್ಕೆ ಆದೇಶಿಸುವ ಅಧಿಕಾರವಿದೆ. ಫೋನಿನಲ್ಲಿ ಹಣ ಹೋದರೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ.

ಇಷ್ಟಕ್ಕೆ ನಾವು ಸುಮ್ಮನಾಗುವುದಿಲ್ಲ. ಕರ್ನಾಟಕದಲ್ಲಿ ಮಾರುವ ಪಾಲಿಸಿಯ ಅರ್ಜಿಯೂ ಷರತ್ತುಗಳೂ ಕನ್ನಡದಲ್ಲಿರಬೇಕು. ವಿವರಿಸಿ ಹೇಳಿದ್ದೆವು ಎಂದು ರುಜುವಾತು ಮಾಡುವ ಹೊಣೆ ಮಾರಿದವರ ಮೇಲೆ ಬೀಳಬೇಕು. ಮಾಡಲಾಗದಿದ್ದರೆ ಕಮಿಷನ್ ಪಡೆದ ಬ್ಯಾಂಕೇ ಆ ತಾಯಿಯ ಪೂರ್ತಿ ಹಣವನ್ನು ಬಡ್ಡಿ ಸಮೇತ ಕಟ್ಟಿಕೊಡಬೇಕು.