ಚೀಟಿ ನೋಡಿ ‘ಹರಡಿತು’ ಎನ್ನಬೇಡಿ

ಮೆಟ್ಟುಪಾಳ್ಯಂ: ರಕ್ತಪರೀಕ್ಷೆ ಚೀಟಿಯಲ್ಲಿ ‘ಎಎಲ್‌ಪಿ’ ಅಂಕಿ ಜಾಸ್ತಿ ಇದ್ದರೆ ಸಾಕು, ಕ್ಯಾನ್ಸರ್ ರೋಗಿಯ ಮನೆಯಲ್ಲಿ ಅಂದು ಒಲೆ ಹತ್ತುವುದಿಲ್ಲ. ‘ಮೂಳೆಗೆ ಇಳೀತಂತೆ’ ಎಂಬ ಮಾತು ಸಂಜೆಯೊಳಗೆ ಬೀದಿಗೆ ಬಂದಿರುತ್ತದೆ. ಸಿರುಮುಗೈ ಕಡೆಯ ದೇವಾಂಗ ನೇಕಾರರ ಮನೆಮಾತು ಕನ್ನಡ, ಚೀಟಿ ಇಂಗ್ಲಿಷ್, ಡಾಕ್ಟರ್ ಹೇಳುವುದು ತಮಿಳು. ಗಾಬರಿಗೆ ಮಾತ್ರ ಭಾಷೆ ಬೇಕಿಲ್ಲ.

ಆಲ್ಕಲೈನ್ ಫಾಸ್ಫಟೇಸ್ ಎಂಬ ಈ ಕಿಣ್ವ ಮುಖ್ಯವಾಗಿ ಪಿತ್ತಜನಕಾಂಗ ಮತ್ತು ಮೂಳೆಯಿಂದ ರಕ್ತಕ್ಕೆ ಸೇರುತ್ತದೆ. ಸ್ತನ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗ ಏರಬಹುದು, ನಿಜ. ಆದರೆ ಬೆಳೆಯುವ ಮಕ್ಕಳಲ್ಲಿ, ತುಂಬು ಗರ್ಭಿಣಿಯರಲ್ಲಿ, ಮುರಿದ ಮೂಳೆ ಕೂಡುವಾಗ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಾಗಲೂ ಏರುತ್ತದೆ. ಜೊತೆಗೆ ‘ಜಿಜಿಟಿ’ಯೂ ಏರಿದ್ದರೆ ಡಾಕ್ಟರ್ ಮೊದಲು ಪಿತ್ತಜನಕಾಂಗದ ಕಡೆ ನೋಡುತ್ತಾರೆ. ‘ಎಲ್‌ಡಿಎಚ್’ ಅಂತೂ ಇನ್ನೂ ಚಂಚಲ. ರಕ್ತ ತೆಗೆಯುವಾಗ ಕೆಂಪುಕಣ ಒಡೆದರೂ ಅಂಕಿ ಮೇಲೇರುತ್ತದೆ.

ಇದರ ತಿರುವು ಇನ್ನೂ ಅಪಾಯದ್ದು. ಅಂಕಿ ಸರಿಯಿದೆ ಎಂದು ಡಾಕ್ಟರ್ ಬರೆದ ಸ್ಕ್ಯಾನ್ ಬಿಡುವುದು ತಪ್ಪು. ಹರಡಿದ್ದರೂ ಎಎಲ್‌ಪಿ ಏರದೆ ಇರಬಹುದು.

1941ರಲ್ಲಿ ಅಮೆರಿಕದ ಚಾರ್ಲ್ಸ್ ಹಗಿನ್ಸ್, ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದವರಿಗೆ ಚಿಕಿತ್ಸೆ ಹಿಡಿಯುತ್ತಿದೆಯೇ ಎಂದು ಇಂಥ ಕಿಣ್ವಗಳ ಏರಿಳಿತದಿಂದಲೇ ತೋರಿಸಿದರು. 1966ರಲ್ಲಿ ನೊಬೆಲ್ ಬಂತು. ಅವರು ನೋಡಿದ್ದು ಒಂದು ದಿನದ ಅಂಕಿಯನ್ನಲ್ಲ. ಹಾಗಾಗಿ ಕೊಯಮತ್ತೂರಿಗೋ ಬೆಂಗಳೂರಿನ ಕಿದ್ವಾಯಿಗೋ ಹೊರಟವರು ಹೊಸ ಚೀಟಿಯೊಂದನ್ನೇ ಜೇಬಿಗಿಟ್ಟುಕೊಂಡರೆ ಸಾಲದು, ಹಳೆಯವನ್ನೂ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಬೇಕು. ಲ್ಯಾಬಿನವರೂ ಚೀಟಿ ಕೈಗಿಡುವಾಗ ‘ಇದೊಂದರಿಂದ ಏನೂ ತೀರ್ಮಾನ ಆಗಲ್ಲ, ಡಾಕ್ಟರ್‌ಗೆ ತೋರ್ಸಿ’ ಎಂದರೆ ಅವರ ಗಂಟೇನೂ ಹೋಗುವುದಿಲ್ಲ.