ಕಿರುದಾರಿಯ ರ‍್ಯಾಮ್ ದುಬಾರಿಯಾದದ್ದೇಕೆ?

ಗಣಕಯಂತ್ರ ಕೊಳ್ಳಲು ಹೋದವರು ‘ರ‍್ಯಾಮ್ ಎಷ್ಟಿದೆ?’ ಎಂದು ಕೇಳುತ್ತಾರೆ. ‘ಎಂಥ ರ‍್ಯಾಮ್?’ ಎಂದು ಕೇಳುವವರು ಕಡಿಮೆ. ಆದರೆ 2000ನೇ ಇಸವಿಯಲ್ಲಿ ಅಮೆರಿಕದ ಷೇರುದಾರರು ಹಗಲಿರುಳು ವಾದಿಸುತ್ತಿದ್ದುದು ಈ ಎರಡನೆಯ ಪ್ರಶ್ನೆಯನ್ನೇ ಹಿಡಿದು. ವಾದದ ಹಿಂದೆ ಅವರ ಉಳಿತಾಯದ ಹಣವಿತ್ತು.

ರ‍್ಯಾಮ್ ಎಂದರೆ ಗಣಕದ ತಾತ್ಕಾಲಿಕ ನೆನಪು. ಅದರಲ್ಲಿ ಕೋಟಿಗಟ್ಟಲೆ ಕೋಶಗಳು. ಪ್ರತಿ ಕೋಶಕ್ಕೂ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುದಾವೇಶವಿದ್ದರೆ 1, ಇಲ್ಲದಿದ್ದರೆ 0. ಆದರೆ ಇದು ತೂತುಬಿದ್ದ ಕೊಡ! ಆವೇಶ ಸೋರುತ್ತಲೇ ಇರುತ್ತದೆ; ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ ಅವರಿಗೆ ಈ ಕೋಶದ ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಪೈಪೋಟಿಗೆ ಬಿದ್ದ ರ‍್ಯಾಮ್‌ಗಳಲ್ಲೆಲ್ಲ ಇದ್ದದ್ದು ಇದೇ ಕೋಶ. ಜಗಳವೇನಿದ್ದರೂ ಅಲ್ಲಿಂದ ಮಾಹಿತಿ ಹೊರಬರುವ ದಾರಿಯದು.

ಆಗ ಚಾಲ್ತಿಯಲ್ಲಿದ್ದ ಎಸ್‌ಡಿರ‍್ಯಾಮ್‌ನ ದಾರಿ 64 ತಂತಿಗಳಷ್ಟು ಅಗಲ; ಗಡಿಯಾರದ ಮಿಡಿತ ಸೆಕೆಂಡಿಗೆ 13.3 ಕೋಟಿ. 64 ಬಿಟ್ ಎಂದರೆ 8 ಬೈಟ್. ಗುಣಿಸಿ ನೋಡಿ, ಸೆಕೆಂಡಿಗೆ ಸುಮಾರು 106 ಕೋಟಿ ಬೈಟ್. ಇದಕ್ಕೆ ಎದುರಾಳಿಯಾಗಿ ಬಂದದ್ದು ಕ್ಯಾಲಿಫೋರ್ನಿಯಾದ ರ‍್ಯಾಂಬಸ್ ಕಂಪನಿಯ ಆರ್‌ಡಿರ‍್ಯಾಮ್. ಅದರ ದಾರಿ ಬರೀ 16 ತಂತಿಗಳದ್ದು, ಆದರೆ ಮಿಡಿತ 40 ಕೋಟಿ. ಸಾಲದ್ದಕ್ಕೆ ಮಿಡಿತದ ಏರಿಗೊಂದು, ಇಳಿವಿಗೊಂದು ಎಂದು ಎರಡು ಕಂತು ಮಾಹಿತಿ. 40 ಕೋಟಿಯನ್ನು 2ರಿಂದ ಗುಣಿಸಿ, ಮತ್ತೆ 2 ಬೈಟ್‌ಗಳಿಂದ ಗುಣಿಸಿದರೆ 160 ಕೋಟಿ!

1990ರಲ್ಲಿ ಹುಟ್ಟಿದ ರ‍್ಯಾಂಬಸ್ ತಾನು ಆ ಚಿಪ್‌ಗಳನ್ನು ತಯಾರಿಸುತ್ತಿರಲಿಲ್ಲ. ವಿನ್ಯಾಸವನ್ನು ತಯಾರಕರಿಗೆ ಕೊಟ್ಟು ರಾಯಧನ ಪಡೆಯುವುದೇ ಅದರ ವ್ಯಾಪಾರ. ಜೊತೆಗೆ ಇಂಟೆಲ್‌ನಂಥ ದೈತ್ಯ 1996ರಲ್ಲೇ ಅದರ ಕೈ ಹಿಡಿದಿತ್ತು. ಇನ್ನು ಮುಂದೆ ಪ್ರತಿ ಪಿಸಿಯಿಂದಲೂ ರಾಯಧನ ಹರಿದುಬರುತ್ತದೆ ಎಂದು ಒಂದು ಪಂಗಡ ಲೆಕ್ಕ ಹಾಕಿತು. 2000ದ ಜೂನ್‌ನಲ್ಲಿ ಒಂದು ಷೇರನ್ನು ನಾಲ್ಕಾಗಿ ಒಡೆದ ಮೇಲೂ ಅದರ ಬೆಲೆ ನೂರು ಡಾಲರ್ ದಾಟಿತು.

‘ಅಂಗಡಿಯ ಬೆಲೆ ನೋಡಿ’ ಎಂದಿತು ಇನ್ನೊಂದು ಪಂಗಡ. ಅಷ್ಟೇ ಸಾಮರ್ಥ್ಯದ ಎಸ್‌ಡಿರ‍್ಯಾಮ್‌ಗಿಂತ ಆರ್‌ಡಿರ‍್ಯಾಮ್ ಹಲವು ಪಟ್ಟು ದುಬಾರಿ. ಚಿಪ್ ತುಸು ದೊಡ್ಡದು, ಹಾಗಾಗಿ ಒಂದು ಸಿಲಿಕಾನ್ ಬಿಲ್ಲೆಯಿಂದ ಸಿಗುವ ಚಿಪ್‌ಗಳು ಕಡಿಮೆ. ಪರೀಕ್ಷಿಸಲು ಹೊಸ ಯಂತ್ರ ಬೇಕು, ಶಾಖ ಹರಡಲು ಲೋಹದ ಹೊದಿಕೆ ಬೇಕು. ಮೇಲೆ ರಾಯಧನ. ಖಾಲಿ ಉಳಿದ ಸ್ಲಾಟಿಗೂ ಚಿಪ್ ಇಲ್ಲದ ಒಂದು ಹಲಗೆಯನ್ನು ಸಿಕ್ಕಿಸಲೇಬೇಕು, ಇಲ್ಲವಾದರೆ ದಾರಿಯೇ ತುಂಡಾಗುತ್ತದೆ! ಇಷ್ಟಾಗಿ, ಕೇಳಿದ ಮೊದಲ ಬೈಟ್ ಬರುವುದು ತಡ. ಬಸ್ಸು ಎಷ್ಟೇ ವೇಗವಾಗಿ ಓಡಲಿ, ನಿಲ್ದಾಣಕ್ಕೇ ತಡವಾಗಿ ಬಂದರೆ ಕಾದವನಿಗೇನು ಲಾಭ?

ಇಂಟೆಲ್‌ಗೂ ವಿಘ್ನಗಳು ತಪ್ಪಲಿಲ್ಲ. ಮೂರು ಸ್ಲಾಟುಗಳಿದ್ದಾಗ ಮಾಹಿತಿ ಕೆಡುತ್ತಿದ್ದುದರಿಂದ 1999ರ ಸೆಪ್ಟೆಂಬರಿನಲ್ಲಿ 820 ಚಿಪ್‌ಸೆಟ್‌ನ ಬಿಡುಗಡೆ ಮುಂದಕ್ಕೆ ಹೋಯಿತು. ಅದಕ್ಕೆ ಅಗ್ಗದ ಎಸ್‌ಡಿರ‍್ಯಾಮ್ ಜೋಡಿಸಲು ಮಾಡಿದ ಸೇತುವೆಯಂಥ ಚಿಪ್ಪಿನಲ್ಲೂ ದೋಷ ಕಂಡು, 2000ದ ಮೇ ತಿಂಗಳಲ್ಲಿ ಮದರ್‌ಬೋರ್ಡುಗಳನ್ನು ಬದಲಿಸಿಕೊಡಬೇಕಾಯಿತು.

ಅಷ್ಟರಲ್ಲಿ ಡಿಡಿಆರ್ ಬಂತು. ಹಳೆಯ 64 ತಂತಿಗಳ ದಾರಿಯೇ, ಆದರೆ ಏರಿಳಿತ ಎರಡರಲ್ಲೂ ಸಾಗಣೆ: ಸುಮಾರು 213 ಕೋಟಿ ಬೈಟ್! ಬೆಲೆಯೋ, ಹಳೆಯದರ ಆಸುಪಾಸಿನಲ್ಲೇ. 2000ದ ನವೆಂಬರಿನಲ್ಲಿ ಆರ್‌ಡಿರ‍್ಯಾಮ್ ಒಂದನ್ನೇ ನಂಬಿ ಬಂದ ಪೆಂಟಿಯಂ 4ಕ್ಕೆ 2001ರಲ್ಲಿ ಎಸ್‌ಡಿರ‍್ಯಾಮ್, ಬಳಿಕ ಡಿಡಿಆರ್ ಜೊತೆಯಾದವು. ರ‍್ಯಾಂಬಸ್ ಷೇರು 2002ರಲ್ಲಿ ಹತ್ತು ಡಾಲರಿಗೂ ಕೆಳಗಿಳಿಯಿತು. ತಂತ್ರ ಕೆಟ್ಟದ್ದೆಂದು ಹೇಳಲಾಗದು. ಮೆಮೊರಿಯನ್ನು ಹೆಚ್ಚಿಸುವ ಗೋಜಿಲ್ಲದ ಪ್ಲೇಸ್ಟೇಷನ್ 2 ಆಟದ ಯಂತ್ರದಲ್ಲಿ ಇಂಥ ಎರಡು ದಾರಿಗಳು ಸೊಗಸಾಗಿ ದುಡಿದವು.

ಎಸ್‌ಡಿರ‍್ಯಾಮ್, ಡಿಡಿಆರ್‌ಗಳಲ್ಲೂ ತನ್ನ ಪೇಟೆಂಟ್ ಅಡಗಿದೆಯೆಂದು ರ‍್ಯಾಂಬಸ್ ನ್ಯಾಯಾಲಯಕ್ಕೆ ಹೋಯಿತು. ಜರ್ಮನಿಯ ಇನ್‌ಫಿನಿಯಾನ್ ಜೊತೆಗಿನ ಮೊಕದ್ದಮೆಯಲ್ಲಿ 2001ರಲ್ಲಿ ಅದೇ ವಂಚನೆ ಮಾಡಿದೆಯೆಂಬ ತೀರ್ಪು ಬಂತು. 2003ರಲ್ಲಿ ಮೇಲ್ಮನವಿಯಲ್ಲಿ ಅದು ರದ್ದಾಯಿತು.

ವಾದಿಸುತ್ತಿದ್ದ ಎರಡೂ ಪಂಗಡಗಳಿಗೆ ತಿಳಿಯದ ಸಂಗತಿ ಬೇರೆಯೇ ಇತ್ತು. 1999ರಿಂದ 2002ರ ನಡುವೆ ದೊಡ್ಡ ತಯಾರಕರು ಗುಟ್ಟಾಗಿ ಸೇರಿ ಮೆಮೊರಿಯ ಬೆಲೆ ನಿಗದಿ ಮಾಡುತ್ತಿದ್ದರು! ತಪ್ಪೊಪ್ಪಿಕೊಂಡ ಸ್ಯಾಮ್‌ಸಂಗ್‌ಗೆ 2005ರಲ್ಲಿ 30 ಕೋಟಿ ಡಾಲರ್, ಹೈನಿಕ್ಸ್‌ಗೆ 18.5 ಕೋಟಿ ಡಾಲರ್ ದಂಡ ಬಿತ್ತು. ರ‍್ಯಾಂಬಸ್ ಇಂದಿಗೂ ಇದೆ. ಸರ್ವರ್‌ಗಳ ಡಿಡಿಆರ್5 ಮೆಮೊರಿ ಹಲಗೆಗಳಿಗೆ ಬೇಕಾದ ಚಿಪ್‌ಗಳನ್ನು ಈಗ ಅದೇ ಮಾರುತ್ತಿದೆ.